ಮ್ಯಾಗ್ನೆಟ್‌ಗೆ ಓಡದ ಕಪ್ಪು ನೀರು

ಡೆಕ್ಸ್ಟ್ರಾನ್ (ಸಕ್ಕರೆ ಅಣುಗಳ ಉದ್ದ ಸರಪಳಿ) ಹೊದಿಸಿದ, ಸ್ಕ್ಯಾನ್ ಚಿತ್ರದಲ್ಲಿ ತಾವಿರುವ ಜಾಗವನ್ನು ಕಪ್ಪಗೆ ತೋರಿಸುವ ಐರನ್ ಆಕ್ಸೈಡ್ ಕಣಗಳು ಎಂಆರ್‌ಐನಲ್ಲಿ ಕೊನೆಗೂ ನಾನು ಅಂದುಕೊಂಡ ಹಾಗೆ ಬಂದವು. ಎರಡು ವರ್ಷ ಹಿಡಿಯಿತು. ವಿಧಾನ ಹೊಸದೇನಲ್ಲ, ಮೋಲ್ಡೇ–ಮೆಕೆಂಜಿ 1982ರಲ್ಲಿ ಬರೆದಿದ್ದೇ. ಮೈಸೂರಿನ ನಮ್ಮ ಲ್ಯಾಬ್‌ನಲ್ಲಿ ಇದನ್ನು ಕೇಳಿ ನಗದವರಿಲ್ಲ. "ನಲವತ್ತು ವರ್ಷದ ಹಳೇ ಸಾರು ಬಿಸಿ ಮಾಡ್ತಿದ್ದೀಯಲ್ಲೋ" ಅಂದರು ಸೀನಿಯರ್. ಅವರ ವಿಧಾನವೇ ಬೇರೆ: ಎಣ್ಣೆಯಂಥ ಓಲಿಯಿಕ್ ಆಸಿಡ್, 300 ಡಿಗ್ರಿ, ಆರ್ಗಾನ್. ಕಣ ಒಂದೇ ಅಳತೆಗೆ ಬರುತ್ತೆ, ಒಪ್ಪಿದೆ. ಆದರೆ ಅದನ್ನು ನೀರಿಗೆ ಇಳಿಸುವಷ್ಟರಲ್ಲಿ ಅವರ ಫೆಲೋಶಿಪ್ಪೇ ಮುಗಿದಿತ್ತು.

ಮೊದಲ ಆರೇಳು ಬ್ಯಾಚ್ ಮೋರಿಗೆ ಹೋದವು. ಕಪ್ಪಾಗಬೇಕಾದದ್ದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಗಾಳಿ ತಾಗದಿರಲಿ ಅಂತ ನೈಟ್ರೋಜನ್ ಬಿಡುತ್ತಿದ್ದೆ, ಆದರೆ ಫೆರಸ್ ಉಪ್ಪಿನ (ಕಬ್ಬಿಣದ ಉಪ್ಪು) ಡಬ್ಬಿಯೇ ಹಳೇದು, ಗಾಳಿಗೆ ಕೆಟ್ಟಿತ್ತು. ಹಸಿರು ಹೋಗಿ ಹಳದಿ ಬಂದಿದ್ದನ್ನು ನೋಡಿಯೂ ದುಡ್ಡು ಉಳಿಸೋಣ ಅಂತ ಸುಮ್ನೆ ಬಳಸಿದೆ. ಹೊಸ ಡಬ್ಬಿ ತಂದ ದಿನವೇ ಕಾಡಿಗೆಯಂಥ ಕಪ್ಪು ಬಂತು.

ಡೆಕ್ಸ್ಟ್ರಾನ್ 40 (ಅಣುತೂಕ 40 ಕಿಲೋಡಾಲ್ಟನ್) ಕರಗಿಸಿದಾಗ ದ್ರಾವಣ ಪಾಕದ ಹದಕ್ಕೆ ಬರಬೇಕು. ನಾನು ಮಂಡ್ಯದ ಕಡೆಯವನು, ಆಲೆಮನೆ ನೋಡಿ ಬೆಳೆದವನು, ಹದ ಕಣ್ಣಿಗೇ ಗೊತ್ತಾಗುತ್ತೆ. ಕಬ್ಬಿಣದ ಉಪ್ಪು ಬೆರೆಸಿ ಅಮೋನಿಯಾ ಹನಿ ಹನಿಯಾಗಿ, ಆಮೇಲೆ 60 ಡಿಗ್ರಿ ಆಸುಪಾಸು ಸುಮಾರು ಹದಿನೈದು ನಿಮಿಷ. ಯಾವ ಹಂತದಲ್ಲಿ ಹನಿ ನಿಧಾನ ಮಾಡಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ತಪ್ಪು ತಿಳಿದುಕೊಂಡಿದ್ದು ಇಲ್ಲೇ. ಹಳೇ ಹಾರ್ಡ್ ಡಿಸ್ಕ್‌ನಿಂದ ಬಿಚ್ಚಿದ ಮ್ಯಾಗ್ನೆಟ್ ಹಿಡಿದರೆ ಕಣ ಓಡಿಬಂದು ಗಾಜಿಗೆ ಅಂಟಬೇಕು ಅಂತ ಕಾಯುತ್ತಿದ್ದೆ. ಹಾಗೆ ಓಡಿ ಬಂದ ಬ್ಯಾಚುಗಳೆಲ್ಲ ಸಲೈನ್‌ಗೆ ಹಾಕಿದ ಅರ್ಧ ಗಂಟೆಗೆ ತಳ ಕಟ್ಟಿದವು. ಒಂದು ಬ್ಯಾಚ್ ಮಾತ್ರ ಅಲುಗಾಡಲಿಲ್ಲ, ಕಾಫಿ ಡಿಕಾಕ್ಷನ್ ಥರ ಹಾಗೇ ನಿಂತಿತ್ತು. "ಇದರಲ್ಲಿ ಕಬ್ಬಿಣವೇ ಇಲ್ಲ ಕಣೋ" ಅಂದರು ಸೀನಿಯರ್. ಸ್ವಲ್ಪ ತೆಗೆದು ಆಸಿಡ್ಡಿನಲ್ಲಿ ಕರಗಿಸಿ, ಕಬ್ಬಿಣ ಪತ್ತೆಹಚ್ಚುವ ಫೆನಾಂಥ್ರೋಲಿನ್ ಹಾಕಿದೆ, ಕೆಂಪು ಕಿತ್ತಳೆ ಬಂತು. ಕಬ್ಬಿಣ ಇತ್ತು. ಗಂಟು ಕಟ್ಟದ ಸಣ್ಣ ಕಣ ಆದ್ದರಿಂದ ಕೈ ಮ್ಯಾಗ್ನೆಟ್‌ಗೆ ಸಿಗಲಿಲ್ಲ, ಅಷ್ಟೇ. ಸಲೈನ್‌ನಲ್ಲಿ ವಾರ ಇಟ್ಟರೂ ತಳ ಕಟ್ಟಲಿಲ್ಲ.

ಖರ್ಚಾಗಿದ್ದು ತೊಳೆಯೋಕೆ. ಮಾಮೂಲಿ ಡಯಾಲಿಸಿಸ್ ಟ್ಯೂಬಿನಲ್ಲಿ ಉಪ್ಪು ಹೋಗುತ್ತೆ, ಮಿಕ್ಕ ಡೆಕ್ಸ್ಟ್ರಾನ್ ಹೋಗಲ್ಲ. ಇದು ಹೊಳೆಯೋಕೆ ಮೂರು ತಿಂಗಳು ಬೇಕಾಯಿತು, ಹೇಳಿಕೊಳ್ಳೋಕೆ ನಾಚಿಕೆ. ಕೊನೆಗೆ 100 ಕಿಲೋಡಾಲ್ಟನ್‌ನ ಸೆಂಟ್ರಿಫ್ಯೂಜ್ ಫಿಲ್ಟರ್ ತರಿಸಿದೆ. ಒಂದೊಂದಕ್ಕೂ ಸಾವಿರದ ಹತ್ತಿರ ಹತ್ತಿರ. ಒಂದೊಂದನ್ನು ಐದು ಸಲ ಬಳಸಿದ್ದೇನೆ. ಹೇಗೆ ಅಂತ ಕೇಳಬೇಡಿ.

ಮಧ್ಯೆ ಒಂದು ಹುಚ್ಚು. ಡೆಕ್ಸ್ಟ್ರಾನ್‌ಗೆ ಯಾಕೆ ದುಡ್ಡು ಕೊಡಬೇಕು, ಕಬ್ಬಿನ ಹಾಲಿನಲ್ಲೇ ಬರುತ್ತಲ್ಲ ಅನ್ನಿಸಿತು. ಸಕ್ಕರೆ ಕಾರ್ಖಾನೆಯಲ್ಲಿರುವ ನಮ್ಮ ಮಾವ ಹಳಸಿದ ಕಬ್ಬಿನ ಲೋಳೆಗೆ ದಿನಾ ಶಾಪ ಹಾಕುತ್ತಾರೆ. ಆ ಲೋಳೆಯೇ ಡೆಕ್ಸ್ಟ್ರಾನ್, ಮಾಡೋದು ಲ್ಯೂಕೋನೋಸ್ಟಾಕ್ ಬ್ಯಾಕ್ಟೀರಿಯಾ. ಇಡ್ಲಿ ಹಿಟ್ಟಿನಲ್ಲೂ ಅದೇ ಇರುತ್ತೆ. ಎರಡು ಲೀಟರ್ ಕಬ್ಬಿನ ಹಾಲು ಹುಳಿಸಿ ಆಲ್ಕೋಹಾಲ್ ಸುರಿದೆ. ಅಂಟು ಬಂತು. ಆದರೆ ಅಣುತೂಕ ಲಕ್ಷಗಟ್ಟಲೆ, ಕಣಗಳು ಎಳ್ಳುಂಡೆ ಥರ ಮುದ್ದೆಯಾದವು. ಲ್ಯಾಬ್ ಒಂದು ವಾರ ಹುಳಿ ನಾತ.

ಸ್ಕ್ಯಾನ್‌ಗೆ ರಾತ್ರಿ ಹತ್ತರ ಮೇಲೆ, ಪೇಷಂಟ್‌ಗಳೆಲ್ಲ ಹೋದಮೇಲೆ ಜಾಗ ಸಿಕ್ಕಿತು. ಅರ್ಧ ಗಂಟೆಗೆ ಮೂರು ಸಾವಿರವೋ ಏನೋ. "ಮ್ಯಾಗ್ನೆಟಿಕ್ ಅಂತೀರಿ ಸಾರ್, ಒಳಗೆ ಹಾರಿ ಅಂಟ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ" ಅಂದ ಟೆಕ್ನಿಷಿಯನ್. ರೂಮಿನ ಹೊರಗೇ ಸೀಸೆಗೆ ಹಾರ್ಡ್ ಡಿಸ್ಕ್ ಮ್ಯಾಗ್ನೆಟ್ ಹಿಡಿದು ತೋರಿಸಿದೆ. ಅಲುಗಾಡಲಿಲ್ಲ. ಕಬ್ಬಿಣವೇ ಇಲ್ಲ ಅಂತ ಸೀನಿಯರ್ ಆಡಿಕೊಂಡಿದ್ದ ಗುಣವೇ ಇಲ್ಲಿ ಕೆಲಸಕ್ಕೆ ಬಂತು. ಆ ಮ್ಯಾಗ್ನೆಟ್ಟನ್ನು ಮಾತ್ರ ಅವನೇ ಇಸಿದುಕೊಂಡು ದೂರ ಇಟ್ಟ.

ಮೊದಲ ರಾತ್ರಿ ಎಲ್ಲ ಟ್ಯೂಬೂ ಒಂದೇ ಕಪ್ಪು. 1 ಮಿಲಿಮೋಲಾರ್ ಮತ್ತು ಅದಕ್ಕೂ ಜಾಸ್ತಿ ಹಾಕಿದ್ದೆ, ಮೊದಲ ಎಕೋ (ಸ್ಕ್ಯಾನರ್ ಅಳೆಯುವ ಮರುಸಿಗ್ನಲ್) ಬರೋ ಹೊತ್ತಿಗೇ ಸಿಗ್ನಲ್ ಬಹುತೇಕ ಸತ್ತಿತ್ತು. ಎರಡನೇ ಸಲ ಅಗರ್‌ನಲ್ಲಿ (ಜೆಲ್ಲಿ) ಗಾಳಿ ಗುಳ್ಳೆ. ಗುಳ್ಳೆಯೂ ಕಣದ ಹಾಗೇ ಕಪ್ಪಗೆ ಕಾಣುತ್ತೆ, ಖುಷಿಯಿಂದ ಫೋಟೋ ಬೇರೆ ಕಳಿಸಿಬಿಟ್ಟಿದ್ದೆ. ಮೂರನೇ ಸಲ 0.05ರಿಂದ 0.3 ಮಿಲಿಮೋಲಾರ್, ತಂಗಿಯ ಪ್ಲಾಸ್ಟಿಕ್ ಟಿಫಿನ್ ಬಾಕ್ಸಿನಲ್ಲಿ 1% ಅಗರ್. ಕಬ್ಬಿಣದ ಪ್ರಮಾಣಕ್ಕೆ ತಕ್ಕಂತೆ ಸಿಗ್ನಲ್ ಸಾಯುವ ವೇಗದ ಗೆರೆ ನೇರ ಬಂತು. 1.5 ಟೆಸ್ಲಾದಲ್ಲಿ ಆರ್‌2 (ಒಂದು ಮಿಲಿಮೋಲಾರ್ ಕಬ್ಬಿಣ ಸಿಗ್ನಲ್ಲನ್ನು ಎಷ್ಟು ಬೇಗ ಸಾಯಿಸುತ್ತೆ ಅನ್ನೋ ಅಳತೆ) ಸೆಕೆಂಡಿಗೆ ನೂರಹತ್ತರ ಆಸುಪಾಸು. ಮಾರುಕಟ್ಟೆಯಲ್ಲಿದ್ದು ನಿಂತುಹೋದ, ಇದೇ ಬಗೆಯ ಎಂಆರ್‌ಐ ಔಷಧಿ ಫೆರಿಡೆಕ್ಸ್‌ನದೂ ಹೆಚ್ಚುಕಡಿಮೆ ಅಷ್ಟೇ.

ಇಲಿಗೂ ಕೊಟ್ಟಿಲ್ಲ ಇನ್ನೂ, ಎಥಿಕ್ಸ್ ಕಮಿಟಿ ಅರ್ಜಿ ಬರೆಯುತ್ತಿದ್ದೇನೆ. ಸೀಸೆ ಫ್ರಿಜ್‌ನಲ್ಲಿ ಐದು ತಿಂಗಳಿಂದ ಇದೆ. ಬಣ್ಣ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆ, ತಳ ಕಟ್ಟಿಲ್ಲ. ಟಿಫಿನ್ ಬಾಕ್ಸ್ ತಂಗಿ ವಾಪಸ್ ತೆಗೆದುಕೊಳ್ಳಲಿಲ್ಲ.