ಹದಿನೆಂಟರ ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಕಾರು: ಯಾವುದನ್ನು, ಹೇಗೆ ನೋಡಿ ಕೊಳ್ಳಬೇಕು

ಹದಿನೆಂಟು ತುಂಬಿದ ಮಗನಿಗೋ ಮಗಳಿಗೋ ಮೊದಲ ಕಾರು ಅಂದರೆ ಮನೆಯವರು ವ್ಯಾಗನ್‌ಆರ್ ಅನ್ನುತ್ತಾರೆ, ಮಕ್ಕಳು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಅನ್ನುತ್ತಾರೆ. ಈ ಜಗಳದಲ್ಲಿ ಮಕ್ಕಳ ಪಕ್ಷ ವಹಿಸಿದರೆ ತಪ್ಪೇನಿಲ್ಲ. ಗಟ್ಟಿ ಬಾಡಿ, ಒಳ್ಳೆಯ ಬ್ರೇಕು, ರಸ್ತೆಗೆ ಅಂಟಿಕೊಂಡು ಹೋಗುವ ಸಸ್ಪೆನ್ಷನ್ ಹೊಸ ಡ್ರೈವರಿಗೂ ಬೇಕಾದ್ದೇ. ತೊಂದರೆ ಇರುವುದು ಕಾರಿನ ಹಿಂದಿನ ಬದುಕಿನಲ್ಲಿ. ಇಂಥ ಕಾರನ್ನು ಮೊದಲು ಕೊಂಡವರು ಓಡಿಸುವ ಖುಷಿಗೆಂದೇ ಕೊಂಡಿರುತ್ತಾರೆ. ಹಲವು ಕಾರುಗಳು ಚೆನ್ನಾಗಿ ದಂಡಿಸಿಕೊಂಡೇ ಮಾರಾಟಕ್ಕೆ ಬರುತ್ತವೆ. ಆದ್ದರಿಂದ ಪಿಕಪ್ ಇರುವ ಕಾರನ್ನು ಸಪ್ಪೆಯಾಗಿ ಓಡಿಸಿಕೊಂಡು ಬಂದ ಮಾಲೀಕರನ್ನು ಹುಡುಕಿ. ಸಿಕ್ಕರೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೊದಲು ಲೈಸೆನ್ಸಿನ ಮಾತು. ಕಾರಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಸಿಗುವುದೇ 18 ತುಂಬಿದ ಮೇಲೆ. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್ ಕೊಡಬಹುದು. ಅಲ್ಲಿಯವರೆಗೆ ಎಲ್ ಬೋರ್ಡ್ ಹಾಕಿ, ಲೈಸೆನ್ಸ್ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕು. "18 ತುಂಬಲು ಇನ್ನು ಆರೇ ತಿಂಗಳು ತಾನೆ, ಲೇಔಟ್ ಒಳಗೆ ಓಡಿಸಿಕೊಳ್ಳಲಿ" ಎನ್ನುವವರು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮನ್ನು ತಿಳಿದಿರಬೇಕು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾರಿನ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಯಾವ ಕಾರು?

ಹಳೆಯ ಬಿಎಂಡಬ್ಲ್ಯು ಜೆಡ್4, ಆಡಿ ಟಿಟಿಯಂಥ ಸ್ಪೋರ್ಟ್ಸ್ ಕಾರುಗಳು ಆಗಾಗ ಆಸೆ ಹುಟ್ಟಿಸುವ ಬೆಲೆಗೆ ಕಾಣಿಸುತ್ತವೆ. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಕಾಲೇಜಿಗೆ ಹೋಗುವವರ ಮೊದಲ ಕಾರು 100ರಿಂದ 120 ಪಿಎಸ್ ಶಕ್ತಿಯ, ನಾಲ್ಕೈದು ಜನ ಕೂರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಆದರೆ ಸಾಕು. ಟನ್ನಿನ ಆಸುಪಾಸು ತೂಕದ ಕಾರಿಗೆ ಅಷ್ಟು ಶಕ್ತಿ ಧಾರಾಳ.

ನಮ್ಮ ಮೊದಲ ಆಯ್ಕೆ 2020ರಿಂದ 2022ರವರೆಗೆ ಮಾರಾಟವಾದ ಪೋಲೊ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಮ್ಯಾನ್ಯುವಲ್: ಮೂರು ಸಿಲಿಂಡರ್, 110 ಪಿಎಸ್, 175 ಎನ್‌ಎಂ ಟಾರ್ಕ್ (ಎಳೆಯುವ ಬಲ), ಆರು ಗೇರ್. ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ 2014ರಲ್ಲಿ ಎರಡು ಏರ್‌ಬ್ಯಾಗಿನ ಪೋಲೊಗೆ ನಾಲ್ಕು ಸ್ಟಾರ್ ಕೊಟ್ಟಿತ್ತು, ಏರ್‌ಬ್ಯಾಗ್ ಇಲ್ಲದ್ದಕ್ಕೆ ಸೊನ್ನೆ. ಆಮೇಲೆ ಪರೀಕ್ಷೆಯ ನಿಯಮವೇ ಬಿಗಿಯಾಯಿತು, ಹಾಗಾಗಿ ಬೇರೆ ಬೇರೆ ಕಾಲದ ಸ್ಟಾರ್‌ಗಳನ್ನು ಪಕ್ಕಪಕ್ಕ ಇಟ್ಟು ಅಳೆಯಬೇಡಿ. ಕಾರು ಹತೋಟಿ ತಪ್ಪಿ ಜಾರದಂತೆ ತಡೆಯುವ ಇಎಸ್‌ಪಿ ಎಲ್ಲ ವೇರಿಯಂಟಿನಲ್ಲೂ ಇರುವುದಿಲ್ಲ. ಕೀ ತಿರುಗಿಸಿದಾಗ ಮೀಟರಿನಲ್ಲಿ ಜಾರುವ ಕಾರಿನ ಚಿಹ್ನೆಯ ದೀಪ ಹತ್ತಿ ಆರಬೇಕು. ಅಂಥ ದೀಪವೇ ಕಾಣದಿದ್ದರೆ ಇಎಸ್‌ಪಿ ಇಲ್ಲವೆಂದೇ ಲೆಕ್ಕ.

2013ರಿಂದ ಬಂದ ಹಳೆಯ ಪೋಲೊ ಜಿಟಿ ಟಿಎಸ್‌ಐ ಬೇರೆಯೇ ಕಾರು. 1.2 ಲೀಟರ್ ಎಂಜಿನ್, 105 ಪಿಎಸ್, ಜೊತೆಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. ಇದು ಡ್ರೈ ಕ್ಲಚ್ ಇರುವ ಡಿಕ್ಯೂ200 ಗೇರ್‌ಬಾಕ್ಸ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳುವಾಗ ಕ್ಲಚ್‌ಗಳು ಅರ್ಧ ಹಿಡಿದು ಜಾರುತ್ತಲೇ ಇರುತ್ತವೆ, ಬಿಸಿಯಾಗುತ್ತವೆ, ಸವೆಯುತ್ತವೆ. ಗೇರ್ ಬದಲಿಸುವ ಮೆಕಟ್ರಾನಿಕ್ ಯೂನಿಟ್ ಕೈಕೊಟ್ಟರೆ ಹೊಸದರ ಬಿಲ್ ಲಕ್ಷ ದಾಟುತ್ತದೆ. ಓಡಿಸಲು ಬೆಣ್ಣೆಯಂಥ ಕಾರು, ಆದರೆ ಆ ಒಂದು ಲಕ್ಷ ಕೈಯಲ್ಲಿಲ್ಲದವರು ಮುಟ್ಟಬೇಡಿ.

ಮಾರುತಿ ಬಲೆನೊ ಆರ್‌ಎಸ್ 2017ರಲ್ಲಿ ಬಂದು 2020ರಲ್ಲಿ ನಿಂತುಹೋಯಿತು. 1.0 ಬೂಸ್ಟರ್‌ಜೆಟ್ ಟರ್ಬೊ ಎಂಜಿನ್, 102 ಪಿಎಸ್, 150 ಎನ್‌ಎಂ, ಐದು ಗೇರ್, ಹಿಂದೆಯೂ ಡಿಸ್ಕ್ ಬ್ರೇಕ್. ಹಗುರವಾದ ಕಾರು, ಸರ್ವಿಸ್ ಮಾಡಿಸಲು ದೂರ ಹೋಗಬೇಕಿಲ್ಲ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪಿನ ದೋಷಕ್ಕಾಗಿ 2023ರಲ್ಲಿ 7,213 ಆರ್‌ಎಸ್ ಕಾರುಗಳನ್ನು ಕಂಪನಿ ವಾಪಸ್ ಕರೆಸಿತ್ತು. ನೀವು ನೋಡಿದ ಕಾರಿನ ಚಾಸಿ ನಂಬರ್ ಕೊಟ್ಟು, ಆ ಕೆಲಸ ಆಗಿದೆಯೇ ಎಂದು ಮಾರುತಿ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಆಗಿಲ್ಲದಿದ್ದರೆ ಮಾಡಿಸಿದ ಮೇಲೇ ಹಣದ ಮಾತು.

ಬಜೆಟ್ ಇದ್ದರೆ 2021ರಿಂದ ಬಂದ ಹ್ಯುಂಡೈ ಐ20 ಎನ್ ಲೈನ್ (120 ಪಿಎಸ್, 172 ಎನ್‌ಎಂ) ನೋಡಬಹುದು. 2023ರ ಫೇಸ್‌ಲಿಫ್ಟಿನಲ್ಲಿ ಎಲ್ಲ ವೇರಿಯಂಟಿಗೂ ಆರು ಏರ್‌ಬ್ಯಾಗ್ ಬಂದವು, ಕ್ಲಚ್ ಪೆಡಲ್ ಇಲ್ಲದ ಐಎಂಟಿ ಬದಲು ಸರಿಯಾದ ಆರು ಗೇರಿನ ಮ್ಯಾನ್ಯುವಲ್ ಬಂತು. ಕೊಯಮತ್ತೂರಿನ ಜಯೆಮ್ ಜೊತೆ ಟಾಟಾ ತಂದ ಟಿಯಾಗೊ ಜೆಟಿಪಿ (114 ಪಿಎಸ್) ಸಿಕ್ಕರೆ ಅದೃಷ್ಟ, ಮಾರಾಟವಾದದ್ದೇ ಕಡಿಮೆ. ಇನ್ನು ಫಿಯಟ್‌ನ ಅಬಾರ್ಥ್ ಪುಂಟೊ: 1.4 ಟಿ-ಜೆಟ್, 145 ಪಿಎಸ್, 212 ಎನ್‌ಎಂ. ಈ ಸಾಲಿನಲ್ಲಿ ಓಡಿಸಲು ಎಲ್ಲಕ್ಕಿಂತ ಮಜಾ ಕೊಡುವುದು ಇದೇ, ಹೊಸಬರಿಗೆ ಬೇಡವಾದ್ದೂ ಇದೇ. ಒಮ್ಮೆಲೇ ಟರ್ಬೊ ಎಳೆದಾಗ ಸ್ಟೀರಿಂಗ್ ಕೈಯನ್ನು ಕೀಳುತ್ತದೆ. ಫಿಯಟ್ ಕಾರುಗಳ ಮಾರಾಟ ಇಲ್ಲಿ ನಿಂತು ವರ್ಷಗಳಾದವು, ಅಬಾರ್ಥ್‌ಗೆಂದೇ ಇರುವ ಭಾಗಗಳಿಗೆ ಕಾಯಬೇಕಾಗುತ್ತದೆ.

ಬಜೆಟನ್ನು ಪೂರ್ತಿ ಕಾರಿಗೇ ಸುರಿಯಬೇಡಿ. ಆರು ಲಕ್ಷವಿದ್ದರೆ ನಾಲ್ಕೂಮುಕ್ಕಾಲರ ಕಾರು ನೋಡಿ. ಉಳಿದದ್ದು ಇನ್ಶೂರೆನ್ಸ್, ಟೈರ್, ಬ್ಯಾಟರಿ, ಬ್ರೇಕ್, ಮೊದಲ ದೊಡ್ಡ ಸರ್ವಿಸ್‌ಗೆ ಬೇಕಾಗುತ್ತದೆ.

ನೋಡುವ ಮುಂಚೆ ಫೋನಿನಲ್ಲೇ ಕೇಳುವುದು

ಮಾಡಿಫೈ ಮಾಡಿದ್ದೀರಾ ಎಂದು ಮೊದಲು ಕೇಳಿ. "ಸ್ಟೇಜ್ ಒನ್ ಮಾಡಿಸಿದ್ದೆ, ಈಗ ಸ್ಟಾಕಿಗೆ ತಂದಿದ್ದೇನೆ" ಅಂದರೆ ಅಲ್ಲಿಗೇ ಬಿಡುವುದು ಲೇಸು. ಸ್ಟೇಜ್ ಒನ್ ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವ ರೀಮ್ಯಾಪ್. ರೀಮ್ಯಾಪ್ ಮಾಡಿದರೆ ಎಂಜಿನ್ನಿನ ಟಾರ್ಕ್ ಏರುತ್ತದೆ, ಅದನ್ನು ಹೊರುವುದು ಕ್ಲಚ್ ಮತ್ತು ಗೇರ್‌ಬಾಕ್ಸ್. ಡಿಕ್ಯೂ200 ತಾಳಿಕೆಯ ಮಿತಿಯೇ 250 ಎನ್‌ಎಂ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಪೈಪ್ ಹಾಕಿದ್ದರೆ ಸೈಲೆನ್ಸರಿನಿಂದ ಮೂಗಿಗೆ ಹೊಡೆಯುವ ಹಸಿ ವಾಸನೆ ಬರುತ್ತದೆ. ಹೊಗೆ ತಪಾಸಣೆಯಲ್ಲೂ ತಕರಾರು. ಕಂಪನಿ ಕೊಟ್ಟ ಸ್ವರೂಪ ಬದಲಿಸಿದ್ದನ್ನು ಹಿಡಿದು ಇನ್ಶೂರೆನ್ಸ್‌ನವರು ಕ್ಲೇಮು ತಿರಸ್ಕರಿಸಬಹುದು.

ಎರಡನೆಯದು ಸರ್ವಿಸ್ ಹಿಸ್ಟರಿ. ಟರ್ಬೊ ಎಂಜಿನ್ನಿಗೆ ಆಯಿಲೇ ಪ್ರಾಣ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದು ತೆಳುವಾದ ಆಯಿಲ್ ಪದರದ ಮೇಲೆ. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ ಬಿಲ್ಲುಗಳು ಸಾಲಾಗಿ ಇರಬೇಕು. ಎರಡು ವರ್ಷ ಖಾಲಿ ಇದ್ದರೆ "ಹೊರಗೆ ಮಾಡಿಸಿದೆ" ಎಂಬ ಬಾಯಿಮಾತು ಸಾಲದು, ಹೊರಗಿನ ಬಿಲ್ಲನ್ನೂ ಕೇಳಿ.

ಮೂರನೆಯದು ಈಗಿನ ಇನ್ಶೂರೆನ್ಸ್ ಪಾಲಿಸಿಯ ಫೋಟೊ. ಅದರಲ್ಲಿ ಎನ್‌ಸಿಬಿ (ಕ್ಲೇಮು ಮಾಡದವರಿಗೆ ಸಿಗುವ ರಿಯಾಯಿತಿ) ಎಷ್ಟಿದೆ ನೋಡಿ. ಐದಾರು ವರ್ಷದ ಕಾರಿನ ಪಾಲಿಸಿಯಲ್ಲಿ ಎನ್‌ಸಿಬಿ ಸೊನ್ನೆ ಇದ್ದರೆ ಹಿಂದಿನ ಅವಧಿಯಲ್ಲಿ ಕ್ಲೇಮು ಆಗಿರಬಹುದು, ಯಾವುದಕ್ಕೆ ಎಂದು ಕೇಳಿ. ಶೇ. 50 ಇದ್ದರೆ ಒಳ್ಳೆಯ ಲಕ್ಷಣ, ಆದರೆ ಎನ್‌ಸಿಬಿ ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಬೇರೆ ಕಾರಿನಿಂದ ತಂದದ್ದೂ ಇರಬಹುದು.

ಕಾರಿನ ಮುಂದೆ ನಿಂತಾಗ

ಹಗಲಲ್ಲಿ, ಮಳೆ ಇಲ್ಲದಾಗ ಹೋಗಿ. ಬೆಳಿಗ್ಗೆಯೇ ಹೋಗಿ, ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿರಿ. ಬಾನೆಟ್ ಮೇಲೆ ಕೈ ಇಟ್ಟಾಗ ಬಿಸಿ ಇದ್ದರೆ, ಯಾಕೆ ಮೊದಲೇ ಬಿಸಿ ಮಾಡಿದರು ಎಂಬ ಪ್ರಶ್ನೆ ಇಟ್ಟುಕೊಳ್ಳಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಮೊದಲ ಒಂದೆರಡು ಸೆಕೆಂಡಿಗಿಂತ ಹೆಚ್ಚು ಕಾಲ ಸರಪಳಿ ಅಲುಗಿದಂಥ ಗಲಗಲ ಸದ್ದು ಬಂದರೆ ಟೈಮಿಂಗ್ ಚೈನ್ ಅಥವಾ ಟೆನ್ಷನರ್ ಹೋಗುತ್ತಿದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾಗಿದ್ದು ಅದನ್ನು ಬದಲಿಸುವ ಅವಧಿ ಮೀರಿದ್ದರೆ ಬದಲಿಸಿದ ಬಿಲ್ ಬೇಕು. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿಸಿ, ಹಿಂದೆ ನಿಂತು ನೋಡಿ. ನೀಲಿ ಹೊಗೆ ಎಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲಿನಿಂದ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ, ಜೊತೆಗೆ ಕೂಲೆಂಟ್ ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಶಂಕೆ. ಐಡಲ್‌ನಲ್ಲಿ ನಡುಗುವ ಟಿಎಸ್‌ಐ, ಬೂಸ್ಟರ್‌ಜೆಟ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕೂತಿರಬಹುದು. ಈ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಚಿಮ್ಮುವುದರಿಂದ ವಾಲ್ವ್ ತೊಳೆದುಕೊಳ್ಳುವುದಿಲ್ಲ. ಬಿಚ್ಚಿ ಸ್ವಚ್ಛ ಮಾಡಿಸಿದರೆ ಸರಿಹೋಗುತ್ತದೆ, ಅದನ್ನು ಚೌಕಾಶಿಗೆ ಬಳಸಿಕೊಳ್ಳಿ.

ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಇಲ್ಲದೆ ಹೋಗಲೇಬೇಡಿ. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಸ್ಕ್ಯಾನರ್ ಮತ್ತು ಫೋನ್ ಸಾಕು. ಎರರ್ ಕೋಡ್ ಇಲ್ಲ ಎಂದು ಸಮಾಧಾನ ಪಡಬೇಡಿ, ನಿನ್ನೆ ಅಳಿಸಿರಬಹುದು. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಬಹುತೇಕ ಕಾರುಗಳು ಹೇಳುತ್ತವೆ. ಅಲ್ಲಿ 12 ಕಿ.ಮೀ. ಎಂದು ತೋರಿಸಿದರೆ ಮಾರುವವರು ಏನನ್ನೋ ಮುಚ್ಚುತ್ತಿರಬಹುದು. ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ತಪಾಸಣೆಗಳು) "ಇನ್‌ಕಂಪ್ಲೀಟ್" ಎಂದಿದ್ದರೂ ಅದೇ ಅನುಮಾನ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ವಿಸಿಡಿಎಸ್ (ಈ ಕಾರುಗಳನ್ನು ಆಳವಾಗಿ ಓದುವ ಸಾಫ್ಟ್‌ವೇರ್) ಇರುವ ಗ್ಯಾರೇಜಿಗೆ ಒಯ್ದು ಗೇರ್‌ಬಾಕ್ಸನ್ನೂ ಓದಿಸಿ.

ಬಾಡಿ ನೋಡುವಾಗ ಪೇಂಟ್ ಮೀಟರ್ ಇದ್ದರೆ ಚೆನ್ನ. ಕಂಪನಿ ಪೇಂಟು ಸುಮಾರು 80ರಿಂದ 150 ಮೈಕ್ರಾನ್ ದಪ್ಪ. 250 ಎಂದರೆ ಮತ್ತೆ ಪೇಂಟ್ ಆಗಿದೆ, 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ಬಂಪರ್, ಡೋರ್ ಟಿಂಕರಿಂಗ್ ನಮ್ಮೂರಿನ ರಸ್ತೆಗಳಲ್ಲಿ ಯಾರಿಗೂ ತಪ್ಪಿದ್ದಲ್ಲ. ಛಾವಣಿ, ಪಿಲ್ಲರ್, ಮುಂದಿನ ಏಪ್ರನ್ನಿನಲ್ಲಿ (ಬಾನೆಟ್ ಅಡಿಯ ಪಕ್ಕದ ತಗಡು) ಕೆಲಸ ಆಗಿದ್ದರೆ ಮಾತ್ರ ಎದ್ದು ಬನ್ನಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ನಾಲ್ಕೈದು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕತ್ತರಿಸಿರಬಹುದು, ಒಳಗೆ ಏರ್‌ಬ್ಯಾಗ್ ಇರುವುದೂ ಅನುಮಾನ.

ನೀರು ಹೊಕ್ಕ ಕಾರು ಇನ್ನೊಂದು ಕಾಟ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದುಬಾರಿ ಕಾರುಗಳೂ ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ತೊಳೆದವರ ಕೈ ಅಲ್ಲಿಗೆ ತಲುಪಿಲ್ಲ. ಸ್ಟೆಪ್ನಿ ಎತ್ತಿ ಅದರಡಿ ನೋಡಿ, ಸೀಟಿನ ಹಳಿಗಳಿಗೆ ತುಕ್ಕು ಹಿಡಿದಿದೆಯೇ ನೋಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಆರು ವರ್ಷ ಮೀರಿದ್ದರೆ ಟೈರಿನ ಟ್ರೆಡ್ (ಮೈಮೇಲಿನ ಗೆರೆ) ಎಷ್ಟೇ ಆಳವಿದ್ದರೂ ಬದಲಿಸಬೇಕು, ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಹಿಡಿಯುವುದಿಲ್ಲ. ಟ್ರೆಡ್ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ. ಆದರೂ ನಮ್ಮ ಮಳೆಗಾಲಕ್ಕೆ 3 ಮಿ.ಮೀ. ಇಟ್ಟುಕೊಳ್ಳಿ.

ಓಡಿಸಿ ನೋಡುವುದು

ಟೆಸ್ಟ್ ಡ್ರೈವ್ ದೊಡ್ಡವರು ಮಾಡಲಿ, ಮಕ್ಕಳು ಪಕ್ಕದಲ್ಲಿರಲಿ. ಮ್ಯಾನ್ಯುವಲ್ ಕಾರಿನಲ್ಲಿ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಡಿಎಸ್‌ಜಿಯನ್ನು ಖಾಲಿ ರಸ್ತೆಯಲ್ಲಿ ಓಡಿಸಿದರೆ ಏನೂ ಗೊತ್ತಾಗದು. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿಸಿ, ಆಮೇಲೆ ಫ್ಲೈಓವರಿನ ಏರಿನಲ್ಲಿ ನಿಧಾನ ಎಳೆಸಿ. ಒಂದರಿಂದ ಎರಡಕ್ಕೆ ಹೋಗುವಾಗ ಕಾರು ನಡುಗಿದರೆ ಕ್ಲಚ್ ಸವೆದಿದೆ. ಗೇರ್ ಸೂಚಕ ಮಿನುಗಿದರೆ ಅಲ್ಲೇ ವ್ಯವಹಾರ ಮುಗಿಸಿ. 80ರಿಂದ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅದುರಿದರೆ ಡಿಸ್ಕಿನ ಮೈ ಸಮ ಇಲ್ಲ. ಹಂಪಿನ ಮೇಲೆ ಟಕಟಕ ಸದ್ದು ಲೋವರ್ ಆರ್ಮ್ ಬುಷ್ ಅಥವಾ ಲಿಂಕ್ ರಾಡ್‌ದು, ಅದು ಸಣ್ಣ ಖರ್ಚು.

ಕಾಗದ ಪತ್ರ

ಆರ್‌ಸಿ ಕಾರ್ಡ್ ನೋಡಿ ಮುಗಿಸಬೇಡಿ, ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ಪ್ರತಿ) ತೆಗೆಸಿ. ಎಷ್ಟನೇ ಮಾಲೀಕರು, ಸಾಲ ಇದೆಯೇ, ತೆರಿಗೆ ಕಟ್ಟಿದೆಯೇ ಎಲ್ಲ ಅದರಲ್ಲಿರುತ್ತದೆ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ವರ್ಗಾವಣೆಗೆ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30. ಬಾಕಿ ಟ್ರಾಫಿಕ್ ದಂಡವನ್ನು ಮಾರುವವರೇ ಕಟ್ಟಲಿ. ಯಾವ ತಪ್ಪಿಗೆ ದಂಡ ಬಿದ್ದಿದೆ ಎಂಬುದನ್ನೂ ಓದಿ, ಸಾಲುಸಾಲು ಓವರ್‌ಸ್ಪೀಡ್ ಇದ್ದರೆ ಕಾರು ಹೇಗೆ ಓಡಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೆಹಲಿ ನೋಂದಣಿಯ ಕಾರು ಅಗ್ಗ ಎಂದು ತರುವವರು ಫಾರ್ಮ್ 28ರ ಎನ್‌ಒಸಿ ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರು ಹಳೆಯದಾದಷ್ಟೂ ತೆರಿಗೆ ಇಳಿಯುತ್ತದೆ, ಆದರೂ ಉಳಿಸಿದ್ದರಲ್ಲಿ ದೊಡ್ಡ ಪಾಲನ್ನು ಅದೇ ನುಂಗಬಹುದು.

ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 1000 ಸಿಸಿವರೆಗೆ 2,094 ರೂ., 1500ರವರೆಗೆ 3,416 ರೂ., ಅದಕ್ಕೆ ಮೇಲೆ 7,897 ರೂ. ಸಣ್ಣ ಟರ್ಬೊ ಎಂಜಿನ್ನಿನ ಒಂದು ಲಾಭ ಇಲ್ಲಿದೆ.

ಕಾರು ಮನೆಗೆ ಬಂದ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್ ಬದಲಿಸಿ. ಮಾರಿದವರು ಮಾಡಿಸಿದ್ದೇವೆ ಎಂದರೂ ಸರಿ. 2023ರ ಏಪ್ರಿಲ್‌ಗೆ ಮುಂಚಿನ ಬಹುತೇಕ ಕಾರುಗಳು ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆಂದು ತಯಾರಾದವಲ್ಲ, ಹಾಗಾಗಿ ಪೆಟ್ರೋಲ್ ಹೋಸ್‌ಗಳಲ್ಲಿ ಬಿರುಕು, ವಾಸನೆ ಇದೆಯೇ ನೋಡಿಸಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಕ್ಯಾಮೆರಾ ಇದೆ. ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಹಾಕುವ ಕ್ರಮ 2024ರ ಆಗಸ್ಟಿನಲ್ಲಿ ಶುರುವಾಯಿತು. ಕಾರಿನ ಪೂರ್ತಿ ಶಕ್ತಿ ನೋಡಲೇಬೇಕು ಎನ್ನುವ ಮಕ್ಕಳನ್ನು ಟ್ರ್ಯಾಕ್ ಡೇ ಇರುವಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈಗೋ ಕರೆದೊಯ್ಯಿರಿ. ಹೋಗುವ ಮುಂಚೆ ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಲಿ. ರಸ್ತೆಗೆಂದು ಮಾಡಿಸಿದ ಸಾಮಾನ್ಯ ಇನ್ಶೂರೆನ್ಸ್ ಟ್ರ್ಯಾಕಿನಲ್ಲಿ ನಡೆಯುವುದಿಲ್ಲ ಎಂಬುದೂ ಗೊತ್ತಿರಲಿ.