16 ಟ್ರ್ಯಾಕ್ ರೆಕಾರ್ಡಿಂಗ್ ನಡುವೆಯೇ ನಿಲ್ಲುತ್ತಿತ್ತು, ಸರಿ ಮಾಡಿದ್ದು ಹೀಗೆ

ಲ್ಯಾಪ್‌ಟಾಪಿನಲ್ಲಿ ಧ್ವನಿ ರೆಕಾರ್ಡಿಂಗ್: 24 ಬಿಟ್, 48 ಕಿಲೋಹರ್ಟ್ಜ್ ಗುಣಮಟ್ಟ, 16 ಟ್ರ್ಯಾಕ್ (ಒಟ್ಟಿಗೇ, ಆದರೆ ಬೇರೆ ಬೇರೆ ಫೈಲ್ ಆಗಿ ದಾಖಲಾಗುವ ಧ್ವನಿಗಳು). ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಡಿಸ್ಕ್ ನಿಧಾನ ಅಂತ ತೋರಿಸಿ ರೆಕಾರ್ಡಿಂಗ್ ನಿಲ್ಲುತ್ತಿತ್ತು. ನಿಲ್ಲದ ದಿನ ಮದ್ದಳೆಯ ಪೆಟ್ಟುಗಳ ನಡುವೆ ಟಿಕ್ ಟಿಕ್ ಸದ್ದು.

ಬಫರ್ (ಧ್ವನಿಯನ್ನು ಕ್ಷಣಕಾಲ ಹಿಡಿದಿಡುವ ಜಾಗ) 128 ಸ್ಯಾಂಪಲ್‌ನಿಂದ 1024ಕ್ಕೆ ಏರಿಸಿದೆ. ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ. ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆ, ಸುಮ್ನೆ ದುಡ್ಡು ದಂಡ.

ಕೊನೆಗೆ ಲೆಕ್ಕ ಹಾಕಿದೆ. ಒಂದು ಟ್ರ್ಯಾಕಿಗೆ ಸೆಕೆಂಡಿಗೆ 144 ಕಿಲೋಬೈಟ್, ಹದಿನಾರಕ್ಕೆ 2.3 ಮೆಗಾಬೈಟ್ ಅಷ್ಟೇ. ಯುಎಸ್‌ಬಿ 2.0 ಕೂಡ 30 ಮೆಗಾಬೈಟ್ ಆರಾಮಾಗಿ ಎಳೆಯುತ್ತದೆ. ಅಂದ್ರೆ ವೇಗದ ಕೊರತೆಯಲ್ಲ. ಡಿಸ್ಕ್, ಆಡಿಯೊ ಇಂಟರ್‌ಫೇಸ್ (ಮೈಕ್‌ಗಳ ಧ್ವನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ) ಎರಡನ್ನೂ ಒಂದೇ ಹಬ್‌ಗೆ (ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ ಸಾಧನ) ಸಿಕ್ಕಿಸಿದ್ದೆ! ಒಂದೇ ಕೇಬಲ್‌ನಲ್ಲಿ ಎರಡೂ ಗುದ್ದಾಡುತ್ತಿದ್ದವು.

ಮೊದಲು ಹಬ್ ಕಿತ್ತು, ಇಂಟರ್‌ಫೇಸನ್ನು ನೇರ ಲ್ಯಾಪ್‌ಟಾಪಿಗೆ ಹಾಕಿದೆ. ಆಮೇಲೆ ವಿಂಡೋಸ್ ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಯುಎಸ್‌ಬಿ ಸೆಟ್ಟಿಂಗ್ಸ್‌ಗೆ ಹೋಗಿ ‘ಸೆಲೆಕ್ಟಿವ್ ಸಸ್ಪೆಂಡ್’ (ವಿದ್ಯುತ್ ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುವ ವ್ಯವಸ್ಥೆ) ಅನ್ನು ಡಿಸೇಬಲ್ಡ್ ಮಾಡಿದೆ. ಮೂರನೆಯದೇ ಮುಖ್ಯ: ರೆಕಾರ್ಡಿಂಗ್ ಫೋಲ್ಡರನ್ನು ಲ್ಯಾಪ್‌ಟಾಪಿನ ಒಳಗಿನ ಸಾಟಾ ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಉಳಿಸುವ ಡಿಸ್ಕ್) ಬದಲಿಸಿದೆ. ತಿರುಗುವ ಡಿಸ್ಕಿನಂತೆ ಹದಿನಾರು ಫೈಲ್‌ಗಳ ಮಧ್ಯೆ ಓದುವ-ಬರೆಯುವ ಹೆಡ್ ಓಡಾಡುವ ಗೋಜು ಅದಕ್ಕಿಲ್ಲ. ಕೊನೆಗೆ ಬಫರ್ 256ಕ್ಕೆ ಇಳಿಸಿದೆ.

ಎಕ್ಸ್‌ಟರ್ನಲ್ ಡಿಸ್ಕ್ ಈಗ ಬ್ಯಾಕಪ್‌ಗೆ ಮಾತ್ರ. ರೆಕಾರ್ಡಿಂಗ್ ಮುಗಿದ ಮೇಲೆ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿಗೆ ಹಾಕಿ ಕಾಪಿ ಮಾಡುತ್ತೇನೆ. ಮೊನ್ನೆ ಮೂರು ಗಂಟೆ ಒಂದೇ ಸಮನೆ ಓಡಿಸಿದೆ, ಒಂದೂ ಟಿಕ್ ಇಲ್ಲ.