ಬೆಕ್ಕಿನ ಮನೆಗೆ ನಾಯಿಮರಿ ಬಂದ ಮೇಲೆ

ಬೆಕ್ಕಿರುವ ಮನೆಗೆ ನಾಯಿ ತರುತ್ತೇವೆ ಎನ್ನುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ನಾಯಿಗೆ ಗೂಡು ಹೊಂದಿಸುವ ಮುಂಚೆ ಬೆಕ್ಕಿಗೆ ನಾಯಿ ಏರಲಾಗದ ಜಾಗ ಮಾಡಿಕೊಡಿ. ಇದೊಂದು ಮಾಡಿದರೆ ಮಿಕ್ಕಿದ್ದೆಲ್ಲ ನಿಧಾನವಾಗಿ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಹಾಗೆಯೇ.

ಅಜ್ಜಿಯ ಕಾಲದಿಂದ ನಮ್ಮದು ಬೆಕ್ಕು ಸಾಕುವ ಮನೆ. ಆಗ ಭತ್ತದ ಕಣಜಕ್ಕೆ ಇಲಿಕಾಟ ಇತ್ತು, ಬೆಕ್ಕು ಬೇಕಿತ್ತು. ಮೈಸೂರಿಗೆ ಬಂದ ಮೇಲೆ ಕಣಜ ಹೋಯಿತು, ಬೆಕ್ಕು ಉಳಿಯಿತು. ಈಗ ಇರುವುದು ಇಬ್ಬರು: ಸಿದ್ದ ಮತ್ತು ಬೆಳ್ಳಿ. ಒಂದು ಮಳೆಗಾಲದಲ್ಲಿ ಬೀದಿಯ ತಾಯಿನಾಯಿ ಲಾರಿಗೆ ಸಿಕ್ಕಿ ಸತ್ತಿತು. ಮೋರಿಯ ಪಕ್ಕ ನಡುಗುತ್ತಿದ್ದ ಅದರ ಕಂದುಬಣ್ಣದ ಮರಿಯನ್ನು ಮಗಳು ದುಪ್ಪಟ್ಟದಲ್ಲಿ ಸುತ್ತಿ ತಂದಳು. ಕೆಂಪಿ ನಮ್ಮ ಮನೆ ಸೇರಿದ್ದು ಹೀಗೆ. ನಾಯಿಯ ವಿಷಯ ನಮಗೆ ಯಾರಿಗೂ ಏನೂ ತಿಳಿದಿರಲಿಲ್ಲ.

ಎತ್ತಿಕೊಳ್ಳುವಾಗ ಮರಿಯ ಹಲ್ಲು ಮಗಳ ಬೆರಳಿಗೆ ತಾಗಿ ಚರ್ಮ ಗೀರಿತ್ತು. ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಅಂದೇ ಮೊದಲ ಚುಚ್ಚುಮದ್ದು ಹಾಕಿ, ನಂತರ 3, 7 ಮತ್ತು 28ನೇ ದಿನಕ್ಕೆ ಚೀಟಿ ಬರೆದುಕೊಟ್ಟರು. ಮರಿ ಚಿಕ್ಕದು, ಗಾಯ ಸಣ್ಣದು ಎಂದು ಬಿಡುವ ವಿಷಯ ಇದಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ದಾರಿ ಇಲ್ಲವೆಂದೇ ಹೇಳಬೇಕು.

ಪಶುವೈದ್ಯರ ಬಳಿ ತೋರಿಸಿ ಬರುವವರೆಗೂ ಮರಿಯನ್ನು ಹಿಂದಿನ ಕೋಣೆಯಲ್ಲೇ ಇರಿಸಿದೆವು. ಜಂತುಹುಳುವಿನ ಔಷಧಿ ಆಯಿತು, ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ನಾಯಿರೋಗಗಳ ವಿರುದ್ಧದ ಮೊದಲ ಲಸಿಕೆ ಆಯಿತು. ಮರಿಗೆ ನಾಲ್ಕು ತಿಂಗಳು ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಆ ಲಸಿಕೆಯನ್ನು ಮತ್ತೆ ಹಾಕಿಸಬೇಕು, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಅಲ್ಲಿಯ ತನಕ ಬೇರೆ ನಾಯಿಗಳು ಓಡಾಡುವ ರಸ್ತೆಯಲ್ಲಿ ಬಿಡಬೇಡಿ ಎಂದು ವೈದ್ಯರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆವು.

ಆ ದಿನಗಳಲ್ಲೇ ಬೆಕ್ಕುಗಳ ಕೆಲಸವನ್ನೂ ಮುಗಿಸಿಕೊಂಡೆವು. ನಡುಮನೆಯ ಸಜ್ಜೆಯ ಮೇಲಿದ್ದ ಹಳೆಯ ಪಾತ್ರೆಗಳನ್ನೆಲ್ಲ ಇಳಿಸಿ, ಅಲ್ಲಿಗೆ ಹತ್ತಲು ಬೀರುವಿನ ಪಕ್ಕ ಎರಡು ಹಲಗೆ ಹೊಡೆಸಿದೆವು. ಬೆಕ್ಕುಗಳ ತಟ್ಟೆ, ನೀರು ಎರಡೂ ಮೇಲೆ ಹೋದವು. ಮರಳಿನ ಟ್ರೇ ಇಡುವ ಕೋಣೆಯ ಬಾಗಿಲಿಗೆ ಅಡ್ಡಗೇಟು ಹಾಕಿಸಿ, ಅದರಲ್ಲಿ ಬೆಕ್ಕು ನುಸುಳುವಷ್ಟೇ ಕಿಂಡಿ ಬಿಟ್ಟೆವು. ನಾಯಿಗಳಿಗೆ ಬೆಕ್ಕಿನ ಹೇಲು ಎಂದರೆ ಪರಮಾನ್ನ. ಬೆಕ್ಕು ಸಾಕಿದವರು ಯಾರೂ ಇದನ್ನು ಊಹಿಸಿರುವುದಿಲ್ಲ, ಆದ್ದರಿಂದ ಬಿಚ್ಚಿಯೇ ಹೇಳುತ್ತಿದ್ದೇನೆ.

ಮುಖಾಮುಖಿಗೆ ಮೊದಲು ವಾಸನೆಯ ಪರಿಚಯ. ಮರಿ ಮಲಗಿದ ಗೋಣಿತಾಟನ್ನು ಬೆಕ್ಕುಗಳ ಕೋಣೆಯಲ್ಲಿ, ಬೆಕ್ಕು ಮಲಗಿದ ಹಳೆಯ ಸೀರೆಯ ತುಂಡನ್ನು ಮರಿಯ ಪಕ್ಕ ಹಾಕುತ್ತಿದ್ದೆವು. ಸಿದ್ದ ಮೊದಲು ಬುಸುಗುಟ್ಟಿದ, ಆಮೇಲೆ ಮೂಸಿದ, ಕೊನೆಗೆ ಅದರ ಮೇಲೆಯೇ ಮಲಗಿದ. ಅವನು ಮಲಗಿದ ಮೇಲಷ್ಟೇ ಗೇಟಿನ ಸಂದಿಯಿಂದ ಒಬ್ಬರನ್ನೊಬ್ಬರು ನೋಡಲು ಬಿಟ್ಟೆವು. ಮುಂದೆ ಕೆಂಪಿಗೆ ಬೆಲ್ಟ್ ಕಟ್ಟಿ, ನಾನು ನೆಲದ ಮೇಲೆ ಕುಳಿತು ಹಿಡಿದುಕೊಳ್ಳುತ್ತಿದ್ದೆ. ಅವಳು ಬೆಕ್ಕನ್ನು ಬಿಟ್ಟು ನನ್ನ ಕಡೆ ತಿರುಗಿದಾಗಲೆಲ್ಲ ಬೇಯಿಸಿದ ಕೋಳಿಯ ಒಂದು ಚೂರು. ಬೆಕ್ಕನ್ನು ಬೆನ್ನಟ್ಟುವುದಕ್ಕಿಂತ ಬೆಕ್ಕನ್ನು ಬಿಟ್ಟುಬಿಡುವುದೇ ಲಾಭ ಎಂದು ಅವಳಿಗೆ ಮನದಟ್ಟಾಗಲು ಬಹಳ ಕಾಲ ಹಿಡಿಯಲಿಲ್ಲ. ಗದರಿದ್ದರೆ ಬೆಕ್ಕು ಎದುರಿಗೆ ಬಂದಾಗಲೆಲ್ಲ ತನಗೆ ಬೈಗುಳ ಎಂದು ಕಲಿಯುತ್ತಿದ್ದಳು. ಆ ಪಾಠದಿಂದ ಸ್ನೇಹ ಹುಟ್ಟುವುದಿಲ್ಲ.

ಎರಡು ಜಾತಿಗಳ ನಡುವಿನ ಜಗಳಕ್ಕೆ ಅರ್ಧ ಕಾರಣ ಮೈಯ ಭಾಷೆ. ಬೆಕ್ಕು ಬಾಲ ಬಡಿಯುತ್ತಿದ್ದರೆ ಸಿಟ್ಟು ಏರುತ್ತಿದೆ ಎಂದರ್ಥ. ನಾಯಿ ಸೊಂಟದ ಸಮೇತ ಸಡಿಲವಾಗಿ ಬಾಲ ಅಲ್ಲಾಡಿಸಿದರೆ ಅದು ಸಂತೋಷ. ಆಟಕ್ಕೆ ಕರೆಯುವಾಗ ನಾಯಿ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೆ ತಾಗಿಸಿ ಹಿಂಭಾಗ ಎತ್ತುತ್ತದೆ. ಅದು ಬೆಕ್ಕಿನ ಕಣ್ಣಿಗೆ ಮೇಲೆ ಎಗರಲು ಹೊಂಚು ಹಾಕಿದಂತೆ ಕಾಣುತ್ತದೆ. ಒಂದು ಸಂಜೆ ಕೆಂಪಿ ಹಾಗೆ ಬಗ್ಗಿ ಸಣ್ಣದಾಗಿ ಬೊಗಳಿದಳು. ಸಿದ್ದ ಕಿವಿಯನ್ನು ಹಿಂದಕ್ಕೆ ಮಡಚಿ, ಬಾಲದ ತುದಿಯನ್ನು ಪಟಪಟ ಆಡಿಸಿದ. ಬಾಲ ಆಡಿದ್ದನ್ನು ಕಂಡು ಅವಳು ಹಿಗ್ಗಿ ಮೂಗನ್ನು ಇನ್ನೂ ಮುಂದೆ ತಂದಳು. ಉಗುರು ಒಳಗೆಳೆದುಕೊಂಡೇ ಅವನು ಮೂತಿಗೆ ಎರಡು ಬಾರಿಸಿದ. ಕೆಂಪಿ ಅಲ್ಲೇ ಕುಳಿತು ಮೂಗು ನೆಕ್ಕಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿದಳು. ಅಂದಿನಿಂದ ಅವನ ಬಾಲದ ತುದಿ ಅಲುಗಿದರೆ ಅವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ನಾವು ಎಷ್ಟು ಕಲಿಸಿದರೂ ಇಷ್ಟು ಚೊಕ್ಕವಾಗಿ ಕಲಿಸಲು ಆಗುತ್ತಿರಲಿಲ್ಲ.

ನಾವೂ ಕಲಿತೆವು. ಬೆಕ್ಕು ಹೊಟ್ಟೆ ತೋರಿಸಿ ಉರುಳಿದರೆ ಕೈ ಹಾಕಬಾರದೆಂದು ಕಲಿತು ಬೆಳೆದವರಿಗೆ, ನಾಯಿ ಹಾಗೆ ಮೈಚೆಲ್ಲಿ ಹೊಟ್ಟೆ ಒಡ್ಡಿದಾಗ ತುರಿಸಬಹುದು ಎನ್ನುವುದೇ ಹೊಸದು. ಬೆಕ್ಕಿಗೆ ನಾವು ಮನೆಯ ಒಂದು ಭಾಗ, ನಾಯಿಗೆ ನಾವೇ ಮನೆ. ನಾನು ಅಡುಗೆಮನೆಯಿಂದ ಹಿತ್ತಿಲಿಗೆ ಹೋದರೆ ಕೆಂಪಿಯೂ ಏಳುತ್ತಾಳೆ. ಚಪ್ಪಲಿ ಮೆಟ್ಟುವ ಸದ್ದು, ಬೀಗದ ಕೈ ತೆಗೆದುಕೊಳ್ಳುವ ಸದ್ದು ಎಲ್ಲಕ್ಕೂ ಅವಳ ಬಳಿ ಅರ್ಥವಿದೆ. ಯಾವತ್ತೂ ಬೆಕ್ಕಿನ ಮರ್ಜಿ ಕಾದು ಮುದ್ದಿಸಿದ ನಮಗೆ ಈ ಪೂರ್ಣ ಗಮನ ಮೊದಮೊದಲು ಭಾರ ಎನಿಸಿತು. ಈಗ ಅದಿಲ್ಲದ ದಿನವನ್ನು ನೆನೆಯಲೂ ಮನಸ್ಸಾಗುವುದಿಲ್ಲ. ಆದರೆ ನಾಯಿ ನಮ್ಮ ಹೊತ್ತನ್ನು ಕೇಳುತ್ತದೆ ಎಂಬುದನ್ನು ತರುವ ಮೊದಲೇ ತಿಳಿದಿರಬೇಕು. ಬೆಕ್ಕು ಮರಳು ಕಂಡರೆ ತಾನೇ ಕೆದರಿ ಮುಚ್ಚುತ್ತದೆ. ಮರಿನಾಯಿಯನ್ನು ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ ಹಿತ್ತಿಲಿಗೆ ಒಯ್ಯಬೇಕು. ಕೆಲಸ ಮುಗಿಸಿದಾಗ ಅಲ್ಲೇ ಹೊಗಳಬೇಕು. ರಾತ್ರಿ ಒಮ್ಮೆ ಏಳುವ ಪಾಳಿಯನ್ನು ನಮ್ಮವರು ವಹಿಸಿಕೊಂಡರು, ಬೆಳಗಿನ ಜಾವದ್ದು ನನ್ನದು.

ಊಟದ ವಿಷಯದಲ್ಲಿ ಅತ್ತೆಯವರ ತಿಳಿವಳಿಕೆ ಕೈಹಿಡಿಯಿತು. ಅವರ ತವರಿನಲ್ಲಿ ಹೊಲ ಕಾಯುವ ನಾಯಿಗಳಿಗೆ ರಾಗಿ ಅಂಬಲಿ, ಮುದ್ದೆ ಹಾಕುತ್ತಿದ್ದರಂತೆ. ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯ ಸಂಶೋಧನಾ ಲೇಖನ ತೋರಿಸಿತು. ಮನುಷ್ಯನ ಜೊತೆ ಬಾಳಿ ಧಾನ್ಯ ತಿನ್ನುವುದು ಅವುಗಳಿಗೆ ಒಗ್ಗಿದೆ. ಹಾಗೆಂದು ಬರೀ ಮುದ್ದೆ ಸಾಲದು, ಬೆಳೆಯುವ ಮರಿಗೆ ಮೊಟ್ಟೆಯೋ ಮಾಂಸವೋ ಬೇಕು. ಬೆಕ್ಕಿನ ಕಥೆ ಬೇರೆ. ಟಾರಿನ್ ಎಂಬ ಅಂಶ ಮಾಂಸದಿಂದಲೇ ಸಿಗಬೇಕು, ಅದು ಕಡಿಮೆಯಾದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಗಾಗಿ ನಾಯಿಯ ಆಹಾರ ತಿಂದು ಬೆಕ್ಕು ಬದುಕಲಾರದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಇಬ್ಬರಿಗೂ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ಸಲ್ಲದು.

ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಒಂದು ಸಂಗತಿ ರಕ್ತ ಹೀರುವ ಉಣ್ಣೆಹುಳುವಿನ ಔಷಧಿಯದು. ನಮ್ಮ ಕಡೆ ನಾಯಿಗೆ ಉಣ್ಣೆ ಹತ್ತುವುದು ಸಾಮಾನ್ಯ. ಅದರಿಂದ ಬರುವ ಜ್ವರ ರಕ್ತಕಣಗಳನ್ನೇ ತಿಂದುಹಾಕುತ್ತದೆ, ಆದ್ದರಿಂದ ಔಷಧಿ ಬಿಡುವಂತಿಲ್ಲ. ಆದರೆ ನಾಯಿಯ ಬೆನ್ನಿಗೆ ಹಾಕುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಸಾಲದು. ಮೈ ನಡುಕ, ಸೆಳೆತ ಬಂದು ಪ್ರಾಣವೇ ಹೋಗಬಹುದು. ಬೆಕ್ಕಿಗೆ ನೇರವಾಗಿ ಹಚ್ಚದಿದ್ದರೂ, ಔಷಧಿ ಹಸಿಯಾಗಿರುವಾಗ ನಾಯಿಯ ಮೈಗೆ ಮೈ ಒರಗಿಸಿ ಮಲಗಿದರೂ ಅಪಾಯ. ನಾನು ಪಶುವೈದ್ಯರಿಗೆ ಪ್ರತಿಬಾರಿ ‘ಮನೆಯಲ್ಲಿ ಬೆಕ್ಕಿದೆ’ ಎಂದು ಹೇಳಿಯೇ ಚೀಟಿ ಬರೆಸಿಕೊಳ್ಳುತ್ತೇನೆ, ಅಂಗಡಿಯಲ್ಲಿ ಡಬ್ಬಿಯ ಮೇಲಿನ ಹೆಸರು ಓದಿಯೇ ಕೊಳ್ಳುತ್ತೇನೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ಮಾರಕ.

ಈಗ ಸಿದ್ದ ಮತ್ತು ಕೆಂಪಿ ಬಿಸಿಲು ಬೀಳುವ ಒಂದೇ ಚಾಪೆಯ ಮೇಲೆ ಮಲಗುತ್ತಾರೆ. ಬೆಳ್ಳಿ ಮಾತ್ರ ಒಪ್ಪಿಲ್ಲ. ಕೆಂಪಿ ಸುತ್ತಾಟಕ್ಕೆ ಹೊರಟಾಗ ಸಜ್ಜೆಯಿಂದ ಇಳಿದು ಮನೆಯೆಲ್ಲ ಓಡಾಡುತ್ತಾಳೆ, ಗೇಟಿನ ಸದ್ದಾದರೆ ಮತ್ತೆ ಹತ್ತುತ್ತಾಳೆ. ಅವಳ ವಯಸ್ಸು ಹೆಚ್ಚು, ಸ್ವಭಾವ ಬೇರೆ. ಅವಳನ್ನು ಎತ್ತಿ ತಂದು ನಾಯಿಯ ಮುಂದೆ ಕೂರಿಸುವುದಕ್ಕೆ ನಾನು ಯಾರನ್ನೂ ಬಿಟ್ಟಿಲ್ಲ. ಅದಕ್ಕೇ ಸಂಜೆಯ ಸುತ್ತಾಟವನ್ನು ಒಂದು ಗಂಟೆಗೆ ಹಿಗ್ಗಿಸಿದ್ದೇವೆ: ಕೆಂಪಿಗೆ ನಡಿಗೆ ಸಿಗುತ್ತದೆ, ಬೆಳ್ಳಿಗೆ ಮನೆ ಸಿಗುತ್ತದೆ.